ಕಾಳಗ ನಡೆಯುವಾಗ ಪಾದ್ರಿ ಎಲ್ಲಿ ನಿಂತಿರುತ್ತಾರೆ?

ಪ್ರಶ್ನೆ: ನಮ್ಮ ತಂದೆ ಸೈನ್ಯದಲ್ಲಿದ್ದವರು. ಅವರ ಪಲ್ಟನ್‌ನಲ್ಲಿ ಒಬ್ಬರು ಪಂಡಿತ್‌ಜಿ ಇದ್ದರು, ಅವರಿಗೂ ನಾಯಬ್ ಸುಬೇದಾರ್ ದರ್ಜೆ ಇತ್ತು ಅಂತ ಹೇಳುತ್ತಿದ್ದರು. ಮೊನ್ನೆ ಟಿವಿಯಲ್ಲಿ ಉದ್ದ ಗಡ್ಡದ ರಷ್ಯನ್ ಪಾದ್ರಿಯೊಬ್ಬರು ಟ್ಯಾಂಕುಗಳ ಮೇಲೆ ತೀರ್ಥ ಎರಚುವುದನ್ನು ನೋಡಿದೆ. ಆ ಸೈನ್ಯದಲ್ಲಿ ಪಾದ್ರಿಗಳು ಯಾವಾಗಿನಿಂದ ಇದ್ದಾರೆ? ಅವರೂ ಬಂದೂಕು ಹಿಡಿಯುತ್ತಾರಾ? ಕಮ್ಯುನಿಸ್ಟರ ಕಾಲದಲ್ಲಿ ಏನಾಯಿತು? ಅವರಿಗೂ ದರ್ಜೆ ಇದೆಯಾ? – ಸೋಮವಾರಪೇಟೆಯಿಂದ ಒಬ್ಬ ಓದುಗರು

ಉತ್ತರ:

ನಾಲ್ಕು ಪ್ರಶ್ನೆ ಕೇಳಿದ್ದೀರಿ. ನನಗೆ ಇವೆಲ್ಲ ಒಂದೇ ಪ್ರಶ್ನೆಯ ಬೇರೆ ಬೇರೆ ಮುಖ ಅನಿಸುತ್ತದೆ. ಗುಂಡು ಹಾರುತ್ತಿರುವಾಗ ಪಾದ್ರಿ ಎಲ್ಲಿ ನಿಂತಿರಬೇಕು? ಸೈನಿಕರ ಮುಂದೆ ಶಿಲುಬೆ ಎತ್ತಿಕೊಂಡಾ? ಹಿಂದೆ ಸಾಮಾನು ಗಾಡಿಗಳ ಜೊತೆಗಾ? ಇಲ್ಲ, ಗಾಯಾಳುಗಳ ಪಕ್ಕದಲ್ಲಾ? ರಷ್ಯಾದ ಸೈನ್ಯ ಇದಕ್ಕೆ ಉತ್ತರ ಹುಡುಕಲು ಇನ್ನೂರು ವರ್ಷ ತೆಗೆದುಕೊಂಡಿತು. ಉತ್ತರ ಸಿಕ್ಕ ಮೂರೂವರೆ ವರ್ಷಕ್ಕೆ ಪಾದ್ರಿ ಹುದ್ದೆಯೇ ಹೋಯಿತು.

ಬಂದೂಕಿನ ವಿಷಯ ಮೊದಲು ಮುಗಿಸೋಣ. ಹಿಡಿಯುವಂತಿಲ್ಲ. ಈ ಕಟ್ಟಳೆ ರಷ್ಯಾಕ್ಕಿಂತ ಹಳೆಯದು. ಕ್ರಿ.ಶ. 451ರಲ್ಲಿ ಈಗಿನ ಇಸ್ತಾಂಬುಲ್ ಹತ್ತಿರದ ಕಾಲ್ಸಿಡನ್ ಎಂಬಲ್ಲಿ ಸೇರಿದ ಧರ್ಮಸಭೆ, ಪಾದ್ರಿ ಅಥವಾ ಸನ್ಯಾಸಿ ಆದವರು ಸೈನ್ಯಕ್ಕೆ ಸೇರಬಾರದು ಅಂತ ನಿಯಮ ಮಾಡಿತು. ಆರ್ಥೊಡಾಕ್ಸ್ ಅಂದರೆ ಪೂರ್ವದ ಕ್ರೈಸ್ತ ಪಂಥ. ರಷ್ಯಾ, ಗ್ರೀಸ್, ರೊಮೇನಿಯಾ, ಸರ್ಬಿಯಾ ಕಡೆಯ ಬಹುಪಾಲು ಜನರದು ಅದೇ. ಅವರಿಗೆ ಈ ನಿಯಮ ಇವತ್ತಿಗೂ ಲೆಕ್ಕಕ್ಕಿದೆ. ಪಾದ್ರಿ ಸೈನ್ಯದ ಜೊತೆ ಹೋಗಬಹುದು, ಸೈನಿಕ ಆಗುವಂತಿಲ್ಲ.

ಪಾದ್ರಿಯ ಮಾತು ಬಿಡಿ, ಈ ಪಂಥಕ್ಕೆ ಸೈನಿಕ ಕೊಲ್ಲುವುದೇ ಒಂದು ಮುಜುಗರದ ಸಂಗತಿಯಾಗಿತ್ತು. 4ನೇ ಶತಮಾನದ ಸಂತ ಬೆಸಿಲ್, ಯುದ್ಧದಲ್ಲಿ ಕೊಂದವರನ್ನು ಕೊಲೆಗಾರರ ಲೆಕ್ಕಕ್ಕೆ ಸೇರಿಸಲಿಲ್ಲ. ಆದರೆ ಅವರ ಕೈ ಶುದ್ಧವಿಲ್ಲ, ಮೂರು ವರ್ಷ ಚರ್ಚಿನ ಪೂಜೆಯಲ್ಲಿ ಕೊಡುವ ಪರಮಪ್ರಸಾದದಿಂದ ದೂರ ಇದ್ದರೆ ಒಳ್ಳೆಯದೇನೋ ಅಂದರು. ಆರುನೂರು ವರ್ಷ ಆದಮೇಲೆ, 963ರಿಂದ 969ರವರೆಗೆ ಬೈಜಾಂಟಿಯಂ, ಅಂದರೆ ಪೂರ್ವದ ರೋಮನ್ ಸಾಮ್ರಾಜ್ಯ, ಆಳಿದ ಚಕ್ರವರ್ತಿ ನಿಕೆಫೊರೊಸ್ ಫೋಕಸ್ ಒಂದು ಬೇಡಿಕೆ ಇಟ್ಟ. ಯುದ್ಧದಲ್ಲಿ ಸತ್ತ ನನ್ನ ಸೈನಿಕರನ್ನೆಲ್ಲ ಹುತಾತ್ಮ ಸಂತರು ಅಂತ ಘೋಷಿಸಿ, ಅಂದ. ಆಗಿನ ಪೇಟ್ರಿಯಾರ್ಕ್, ಅಂದರೆ ಧರ್ಮಪೀಠದ ಮುಖ್ಯಸ್ಥ, ಪೊಲಿಯುಕ್ಟೊಸ್ ಒಪ್ಪಲಿಲ್ಲ. ಬೆಸಿಲ್ ಬರೆದಿದ್ದನ್ನೇ ಮುಂದಿಟ್ಟು ಆಗಲ್ಲ ಅಂದರು. ಚಕ್ರವರ್ತಿಯ ಎದುರು ಅಷ್ಟು ಅನ್ನುವುದಕ್ಕೆ ಧೈರ್ಯ ಬೇಕು, ಅಲ್ವಾ? ಈ ಪ್ರಸಂಗ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಹಾಗಂತ ಆ ಸೈನ್ಯದಲ್ಲಿ ದೇವರ ಹೆಸರು ಇರಲಿಲ್ಲ ಅಂತಲ್ಲ. 6ನೇ ಶತಮಾನದ ಕೊನೆಯ ಹೊತ್ತಿನ ಬೈಜಾಂಟೈನ್ ಯುದ್ಧ ಕೈಪಿಡಿಯಲ್ಲೇ, ಕಾಳಗಕ್ಕೆ ಒಂದೆರಡು ದಿನ ಮುಂಚೆ ಬಾವುಟಗಳನ್ನು ಹರಸಬೇಕು, ಬಿಡಾರ ಬಿಟ್ಟು ಹೊರಡುವ ಮುಂಚೆ ಪಾದ್ರಿಗಳು 'ಸ್ವಾಮಿ, ಕರುಣಿಸು' ಅಂತ ಪ್ರಾರ್ಥನೆ ಹೇಳಿಸಬೇಕು ಅಂತೆಲ್ಲ ಇದೆ. ನೀವು ಟಿವಿಯಲ್ಲಿ ನೋಡಿದ ತೀರ್ಥದ ಬೇರು ಅಲ್ಲಿದೆ. ನಮ್ಮಲ್ಲಿ ಆಯುಧಪೂಜೆಗೆ ಲಾರಿ, ಲೇತ್ ಮಷೀನಿಗೂ ಕುಂಕುಮ ಇಡುವ ಜನಕ್ಕೆ ಅದು ಅಷ್ಟೇನೂ ವಿಚಿತ್ರ ಅನಿಸಬೇಕಾಗಿಲ್ಲ. ಅವರಿಗೇ ಅದು ತಲೆನೋವಾಗಿದೆ, ಅದನ್ನು ಕೊನೆಗೆ ಹೇಳುತ್ತೇನೆ.

ಈಗ ರಷ್ಯಾಕ್ಕೆ ಬರೋಣ. ದಂಡಿನ ಜೊತೆ ಪಾದ್ರಿಗಳು ಹೋಗುವುದು ಅಲ್ಲಿ ಹಿಂದಿನಿಂದಲೂ ಇತ್ತು. ಆದರೆ ಅದನ್ನು ಹುದ್ದೆಯಾಗಿ ಬರೆದಿಟ್ಟವನು ಪೀಟರ್ ಚಕ್ರವರ್ತಿ. 1716ರ ಸೈನಿಕ ಕಾನೂನಿನಲ್ಲಿ ಪ್ರತಿ ರೆಜಿಮೆಂಟಿಗೆ ಒಬ್ಬ ಪಾದ್ರಿ, ಯುದ್ಧ ಬಂದರೆ ಅವರೆಲ್ಲರ ಮೇಲೆ ಒಬ್ಬ ಮುಖ್ಯ ಪಾದ್ರಿ ಅಂತ ಬಂತು. 1720ರ ನೌಕಾ ಕಾನೂನು ಹಡಗಿನ ಪಾದ್ರಿಗಳ ಕೆಲಸವನ್ನೂ ಗೊತ್ತು ಮಾಡಿತು. ಹಡಗಿಗೆ ಹೆಚ್ಚಾಗಿ ಸನ್ಯಾಸಿಗಳನ್ನೇ ಕಳಿಸುತ್ತಿದ್ದರು. ಆರ್ಥೊಡಾಕ್ಸ್ ಪಂಥದಲ್ಲಿ ಊರ ಪಾದ್ರಿಗೆ ಮದುವೆ ಆಗಿರುತ್ತದೆ, ಮನೆ ತುಂಬ ಮಕ್ಕಳಿರುತ್ತಾರೆ. ಅಂಥವರನ್ನು ತಿಂಗಳುಗಟ್ಟಲೆ ಸಮುದ್ರಕ್ಕೆ ಕಳಿಸುವುದು ಹೇಗೆ? ಸನ್ಯಾಸಿಗೆ ಆ ತಾಪತ್ರಯ ಇಲ್ಲ.

ಪೀಟರನಿಗೆ ಭಕ್ತಿ ಇತ್ತೋ ಇಲ್ಲವೋ, ಲೆಕ್ಕಾಚಾರವಂತೂ ಇತ್ತು. ಹೊಸದಾಗಿ ಸೇರಿದವನು ಪ್ರತಿಜ್ಞೆ ತೆಗೆದುಕೊಳ್ಳುವಾಗ ಪಾದ್ರಿಯ ಮುಂದೆ ಶಿಲುಬೆಗೂ ಬೈಬಲ್ಲಿಗೂ ಮುತ್ತಿಟ್ಟು ತೆಗೆದುಕೊಳ್ಳಬೇಕು. ವರ್ಷಕ್ಕೊಮ್ಮೆಯಾದರೂ ಪಾಪನಿವೇದನೆ ಮಾಡಲೇಬೇಕು, ಅದಕ್ಕೆ ಪಟ್ಟಿ ಇಡಬೇಕು. 1722ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಾಪನಿವೇದನೆಯಲ್ಲಿ ಯಾರಾದರೂ ರಾಜದ್ರೋಹದ ಯೋಚನೆ ಹೇಳಿಕೊಂಡರೆ ಪಾದ್ರಿ ಅದನ್ನು ಸರ್ಕಾರಕ್ಕೆ ತಿಳಿಸಬೇಕು ಅಂತ ಆಜ್ಞೆ ಆಯಿತು. ಕಿವಿಯಲ್ಲಿ ಹೇಳಿದ್ದು ಕಿವಿಯಲ್ಲೇ ಉಳಿಯಬೇಕು ಅನ್ನುವ ನಂಬಿಕೆಗೆ ಇದು ದೊಡ್ಡ ಪೆಟ್ಟು. 1917ರಲ್ಲಿ ಸೈನಿಕರು ಪಾದ್ರಿಗಳ ವಿರುದ್ಧ ತಿರುಗಿಬಿದ್ದಾಗ ಎಲ್ಲರೂ ಅಚ್ಚರಿಪಟ್ಟರು. ನನಗೆ ಅಚ್ಚರಿ ಆಗುವುದಿಲ್ಲ. ಅದರ ಬೀಜ ಇಲ್ಲಿದೆ.

ಇಲಾಖೆ ಬೆಳೆದ ಕಥೆಯನ್ನು ಬೇಗ ಹೇಳಿಬಿಡುತ್ತೇನೆ. 1800ರಲ್ಲಿ ಚಕ್ರವರ್ತಿ ಪಾವೆಲ್, ಭೂಸೇನೆ ನೌಕಾಸೇನೆ ಎರಡಕ್ಕೂ ಸೇರಿಸಿ ಒಬ್ಬ ಮುಖ್ಯ ಪಾದ್ರಿಯ ಕಾಯಂ ಹುದ್ದೆ ಮಾಡಿದ. ಮೊದಲು ಕೂತವರು ಪಾವೆಲ್ ಓಜೆರೆತ್ಸ್ಕೋವ್ಸ್ಕಿ. 1889ರ ನಿಯಮದಲ್ಲಿ ರೆಜಿಮೆಂಟಿನ ಪಾದ್ರಿ ಕ್ಯಾಪ್ಟನ್‌ಗೆ ಸಮ, ಅವರ ಕೈಕೆಳಗಿನ ಡೀಕನ್ ಲೆಫ್ಟಿನೆಂಟ್‌ಗೆ ಸಮ ಅಂತ ಬಂತು. 1890ರಲ್ಲಿ ಮುಖ್ಯ ಪಾದ್ರಿಗೆ 'ಪ್ರೊಟೊಪ್ರೆಸ್‌ಬಿಟರ್' ಅನ್ನುವ ಬಾಯಿ ತಿರುಗದ ಹೆಸರು ಬಂತು, ಲೆಫ್ಟಿನೆಂಟ್ ಜನರಲ್ ಸಮಾನದ ಮಾನ ಮರ್ಯಾದೆ ಸಿಕ್ಕಿತು. ಸೈನ್ಯದಲ್ಲಿದ್ದ ಬೇರೆ ಧರ್ಮದವರಿಗೆ ಮುಲ್ಲಾಗಳು, ಕ್ಯಾಥೊಲಿಕ್ ಮತ್ತು ಲೂಥರನ್ ಪಾದ್ರಿಗಳೂ ಇದ್ದರು. ಆದರೆ ಇಲಾಖೆ ಮಾತ್ರ ಆರ್ಥೊಡಾಕ್ಸರದು.

ಈ ಪಾದ್ರಿ ದಂಡಿನ ಜೊತೆ ಏನು ಹೊತ್ತುಕೊಂಡು ಹೋಗುತ್ತಿದ್ದರು ಗೊತ್ತಾ? ಒಂದು ಇಡೀ ಚರ್ಚು. ಮಡಚಿ ಇಡಬಹುದಾದ ಬಟ್ಟೆಯ ಚರ್ಚು ಅದು. ಮರದ ಪೆಟ್ಟಿಗೆಗಳಲ್ಲಿ ತುಂಬಿ ಗಾಡಿಗೆ ಹೇರುತ್ತಿದ್ದರು. ಮರದ ಚೌಕಟ್ಟು, ಅದಕ್ಕೆ ಕಟ್ಟುವ ಬಟ್ಟೆಯ ಮೇಲೆ ಬಿಡಿಸಿದ ದೇವರ ಚಿತ್ರಗಳು, ಬಟ್ಟಲು, ಧೂಪದ ಪಾತ್ರೆ. ಆದರೆ ಇವೆಲ್ಲ ಇಲ್ಲದಿದ್ದರೂ ನಡೆಯುತ್ತದೆ. ಒಂದು ಇಲ್ಲದಿದ್ದರೆ ಮಾತ್ರ ನಡೆಯುವುದಿಲ್ಲ. ಅದು 'ಅಂತಿಮಿನ್ಸ್' ಅನ್ನುವ ಚೌಕಾಕಾರದ ಬಟ್ಟೆ. ದೊಡ್ಡ ಕರವಸ್ತ್ರದ ಹಾಗಿರುತ್ತದೆ. ಕ್ರಿಸ್ತನನ್ನು ಸಮಾಧಿಗೆ ಇಳಿಸುವ ಚಿತ್ರ ಅದರ ಮೇಲೆ, ಕೆಳಗೆ ಬಿಷಪ್ಪರ ಸಹಿ. ಹಿಂಬದಿಯಲ್ಲಿ ಯಾವುದೋ ಸಂತನ ಅಸ್ಥಿಯ ಚೂರನ್ನು ಹೊಲಿದಿರುತ್ತಾರೆ. ಇದನ್ನು ಹಾಸಿದ ಜಾಗವೇ ಪೂಜಾಪೀಠ. ಮದ್ದುಗುಂಡಿನ ಪೆಟ್ಟಿಗೆಯ ಮೇಲೆ ಹಾಸಿದರೂ ಸರಿ, ಹಡಗಿನ ಮೇಜಿನ ಮೇಲೆ ಹಾಸಿದರೂ ಸರಿ. ಸೋತು ಓಡುವಾಗ ಬಟ್ಟೆಯ ಚರ್ಚನ್ನು ಬಿಟ್ಟು ಓಡಬಹುದು, ಇದನ್ನು ಬಿಡುವಂತಿಲ್ಲ. ನಮ್ಮಲ್ಲಿ ಪ್ರವಾಸ ಹೊರಟ ಮಠದ ಸ್ವಾಮಿಗಳು ಸಂಪುಟವನ್ನು ಜೊತೆಯಲ್ಲೇ ಒಯ್ಯುವುದಿಲ್ಲವಾ, ಹಾಗೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಕಾಳಗದ ಹೊತ್ತಿಗೆ ಈ ಪಾದ್ರಿ ಎಲ್ಲಿ? 1914ರವರೆಗೆ ಇದಕ್ಕೆ ಗಟ್ಟಿಯಾದ ನಿಯಮ ಇರಲಿಲ್ಲ. ಕೆಲವರು ಹಿಂದೆ ಸಾಮಾನು ಗಾಡಿಗಳ ಸಾಲಿನಲ್ಲಿ ಉಳಿದುಬಿಡುತ್ತಿದ್ದರು. ಪೂಜೆ ಮಾಡು, ಸತ್ತವರನ್ನು ಮಣ್ಣು ಮಾಡು, ಮುಗಿಯಿತು. ಇನ್ನು ಕೆಲವರು ಆವೇಶ ಬಂದು ಮುಂದೆ ನುಗ್ಗುತ್ತಿದ್ದರು. ಪೇಪರಿನಲ್ಲಿ ಹೆಸರು ಬರುತ್ತಿದ್ದುದು ಈ ಎರಡನೆಯವರದೇ.

1790ರ ಡಿಸೆಂಬರ್‌ನಲ್ಲಿ ತುರ್ಕರ ಇಜ್ಮಾಯಿಲ್ ಕೋಟೆಗೆ ರಷ್ಯಾದ ಸೇನಾಪತಿ ಸುವೊರೊವ್ ಲಗ್ಗೆ ಹಾಕಿದಾಗ ಪೊಲೊತ್ಸ್ಕ್ ರೆಜಿಮೆಂಟಿನ ಕರ್ನಲ್ ಬಿದ್ದುಹೋದ. ಸೈನಿಕರು ಹಿಂಜರಿದರು. ಆಗ ಪಾದ್ರಿ ಟ್ರೊಫಿಮ್ ಕುತ್ಸಿನ್ಸ್ಕಿ ಶಿಲುಬೆ ಎತ್ತಿ ಮುಂದೆ ನಡೆದರು, ಇಡೀ ಪಲ್ಟನ್ ಅವರ ಹಿಂದೆ ಹೋಯಿತು. ಅವರಿಗೆ ಸೇಂಟ್ ಜಾರ್ಜ್ ಪಟ್ಟಿಯಲ್ಲಿ ಪೋಣಿಸಿದ ಚಿನ್ನದ ಶಿಲುಬೆ ಸಿಕ್ಕಿತು. 1812ರಲ್ಲಿ ನೆಪೋಲಿಯನ್ ಬಂದಾಗ 19ನೇ ಯೇಗರ್ ರೆಜಿಮೆಂಟಿನ ವಾಸಿಲಿ ವಾಸಿಲ್ಕೋವ್ಸ್ಕಿ ಗಾಯಗೊಂಡರೂ ಸೈನಿಕರ ಜೊತೆಯಲ್ಲೇ ಇದ್ದರು. ಅಧಿಕಾರಿಗಳಿಗೆ ಮಾತ್ರ ಸಿಗುತ್ತಿದ್ದ ಸೇಂಟ್ ಜಾರ್ಜ್ ಪದಕ ಪಡೆದ ಮೊದಲ ಪಾದ್ರಿ ಅವರು. 1904ರಲ್ಲಿ ಜಪಾನ್ ವಿರುದ್ಧ ಯಾಲು ನದಿ ದಂಡೆಯಲ್ಲಿ 11ನೇ ಪೂರ್ವ ಸೈಬೀರಿಯನ್ ರೆಜಿಮೆಂಟ್ ಸಿಕ್ಕಿಹಾಕಿಕೊಂಡಿತು. ಬಯೊನೆಟ್ ಹಿಡಿದು ದಾರಿ ಮಾಡಿಕೊಂಡು ಹೊರಗೆ ಬಂದಾಗ ಪಾದ್ರಿ ಸ್ಟೆಫಾನ್ ಶ್ಚೆರ್ಬಕೋವ್ಸ್ಕಿ ಬರೀ ಶಿಲುಬೆ ಹಿಡಿದು ಮುಂದಿದ್ದರು. ಎರಡು ಕಡೆ ಗಾಯ. ಅವರಿಗೂ ಆ ಪದಕ ಬಂತು.

ಕೇಳಲು ಚೆನ್ನಾಗಿದೆ, ಮೈ ಜುಮ್ಮೆನ್ನುತ್ತದೆ. ಆದರೆ ಸ್ವಲ್ಪ ಯೋಚನೆ ಮಾಡಿ. ಬಂದೂಕು ಹಿಡಿಯಬಾರದು ಅನ್ನುವ ಮನುಷ್ಯ ಬಂದೂಕು ಹಿಡಿದವರನ್ನು ಮುನ್ನಡೆಸಿದರೆ ನಿಯಮ ಉಳಿಯಿತಾ, ಹೋಯಿತಾ?

ಅದೇ 1904ರ ಯುದ್ಧದಲ್ಲಿ ಇನ್ನೊಂದು ಬಗೆಯ ಪಾದ್ರಿಯೂ ಕಾಣಿಸುತ್ತಾರೆ. 'ರೂರಿಕ್' ಅನ್ನುವ ಯುದ್ಧನೌಕೆ ಕೊರಿಯಾ ಜಲಸಂಧಿಯಲ್ಲಿ ಮುಳುಗಿತು. ಉಳಿದವರನ್ನು ಜಪಾನಿನವರು ಸೆರೆ ಹಿಡಿದರು. ಹಡಗಿನ ಪಾದ್ರಿ ಅಲೆಕ್ಸೇಯ್ ಒಕೊನೇಶ್ನಿಕೊವ್ ಸೈಬೀರಿಯಾದ ಯಾಕೂತಿಯಾದವರು. ಪಾದ್ರಿ ಹೋರಾಟಗಾರ ಅಲ್ಲ ಅಂತ ಅವರನ್ನು ಬಿಟ್ಟುಬಿಟ್ಟರು. ಹಡಗು ಹೇಗೆ ಮುಳುಗಿತು ಅನ್ನುವ ವರದಿಯನ್ನು ರಷ್ಯಾಕ್ಕೆ ತಲುಪಿಸಿದವರು ಇವರೇ. ಆಯುಧ ಇಲ್ಲದವನು ಅನ್ನುವ ಕಾರಣಕ್ಕೇ ಅವರು ಬಿಡುಗಡೆಯಾದರು. ಆದರೆ ಶ್ಚೆರ್ಬಕೋವ್ಸ್ಕಿ ಪ್ರಸಿದ್ಧರಾದಷ್ಟು ಇವರು ಆಗಲಿಲ್ಲ.

ಅದೇ ಮಂಚೂರಿಯಾದ ಕೆಸರಿನಲ್ಲಿ ಇನ್ನೊಬ್ಬರು ಇದನ್ನೆಲ್ಲ ನೋಡುತ್ತಿದ್ದರು. 33ನೇ ಪೂರ್ವ ಸೈಬೀರಿಯನ್ ರೆಜಿಮೆಂಟಿನ ಪಾದ್ರಿ ಗಿಯೊರ್ಗಿ ಶಾವೆಲ್ಸ್ಕಿ. ಈ ಕಥೆಯಲ್ಲಿ ನನಗೆ ಬಹಳ ಹಿಡಿಸಿದ ಮನುಷ್ಯ. ವೀತೆಬ್ಸ್ಕ್ ಪ್ರಾಂತ್ಯದ ಹಳ್ಳಿಯವರು. ಅಪ್ಪ ಚರ್ಚಿನಲ್ಲಿ ಕೀರ್ತನೆ ಓದುವ ಚಿಕ್ಕ ಕೆಲಸದಲ್ಲಿದ್ದವರು. ಶಾವೆಲ್ಸ್ಕಿ ಚಿಕ್ಕ ವಯಸ್ಸಿಗೇ ಹೆಂಡತಿಯನ್ನು ಕಳೆದುಕೊಂಡರು. ಆ ಪಂಥದ ಪಾದ್ರಿ ಎರಡನೇ ಮದುವೆ ಆಗುವಂತಿಲ್ಲ. ಓದಿನ ಕಡೆ ಹೊರಳಿದರು, ಸೇಂಟ್ ಪೀಟರ್ಸ್‌ಬರ್ಗಿನ ಧರ್ಮಶಾಸ್ತ್ರ ಅಕಾಡೆಮಿಯಲ್ಲಿ ಕಲಿತರು, ಆಮೇಲೆ ಯುದ್ಧ. ಅಲ್ಲಿ ಗಾಯಾಳುಗಳ ನಡುವೆ ಓಡಾಡಿ ಪೆಟ್ಟೂ ತಿಂದರು. 1911ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಇಡೀ ಸೈನ್ಯದ ಪ್ರೊಟೊಪ್ರೆಸ್‌ಬಿಟರ್ ಆದರು.

1914ರ ಜುಲೈ ಮೊದಲ ವಾರಗಳಲ್ಲಿ ಅವರು ಸೈನ್ಯದ ಪಾದ್ರಿಗಳ ಪ್ರತಿನಿಧಿಗಳನ್ನೆಲ್ಲ ರಾಜಧಾನಿಗೆ ಕರೆಸಿದರು. ಅಂಥ ಸಭೆ ಅದೇ ಮೊದಲು. ಆ ತಿಂಗಳು ಮುಗಿಯುವುದರೊಳಗೆ ಮಹಾಯುದ್ಧ ಬರುತ್ತದೆ ಅಂತ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಭೆ ಒಂದು ಸೂಚನಾಪತ್ರ ತಯಾರು ಮಾಡಿತು. ಅದರಲ್ಲಿ ಕಡೆಗೂ ಉತ್ತರ ಸಿಕ್ಕಿತು. ಕಾಳಗದ ಹೊತ್ತಿಗೆ ರೆಜಿಮೆಂಟ್ ಪಾದ್ರಿ ಇರಬೇಕಾದ ಜಾಗ, ಮುಂಚೂಣಿಯಲ್ಲಿ ಗಾಯಕ್ಕೆ ಪಟ್ಟಿ ಕಟ್ಟುವ ಠಾಣೆ. ಅಗತ್ಯ ಬಿದ್ದರೆ ಅಲ್ಲಿಂದ ಇನ್ನೂ ಮುಂದೆ, ಕಂದಕಕ್ಕೂ ಹೋಗಬಹುದು. ಸಾಮಾನು ಗಾಡಿಗಳ ಹತ್ತಿರ ಮಾತ್ರ ಇರಕೂಡದು.

ಅಲ್ಲಿ ಕೂತು ಸುಮ್ನೆ ಜಪ ಮಾಡಲಿ ಅಂತಲ್ಲ. ವೈದ್ಯರ ಜೊತೆ ಸೇರಿ ಗಾಯಕ್ಕೆ ಬಟ್ಟೆ ಸುತ್ತಬೇಕು. ಬಿದ್ದವರನ್ನು ಎತ್ತಿ ತರಿಸಬೇಕು. ಸಾಯುತ್ತಿರುವವನ ಪಾಪನಿವೇದನೆ ಕೇಳಬೇಕು, ಕೊನೆಯ ಪ್ರಸಾದ ಕೊಡಬೇಕು. ಆಮೇಲೆ ಅವನ ಊರಿಗೆ ಕಾಗದ ಬರೆಯಬೇಕು, ಇಂಥವನು ಇಂಥಲ್ಲಿ ತೀರಿಕೊಂಡ ಅಂತ. ಸತ್ತವರ ಸಂಸಾರಕ್ಕೆ ಸಹಾಯ ಮಾಡಲು ಸಂಘ ಕಟ್ಟಬೇಕು, ಸಮಾಧಿಗಳು ಹಾಳಾಗದ ಹಾಗೆ ನೋಡಿಕೊಳ್ಳಬೇಕು, ಊರೂರು ತಿರುಗುವ ಪುಸ್ತಕ ಭಂಡಾರ ನಡೆಸಬೇಕು. ಇದನ್ನೆಲ್ಲ ಕಾಗದದ ಮೇಲೆ ನಿಯಮ ಮಾಡಿ ಬರೆದಿದ್ದಾರೆ.

ಕಾಗದ ಬರೆಯುವ ಕೆಲಸದ ಬಗ್ಗೆ ಒಂದು ಮಾತು. ಆಗಿನ ರಷ್ಯಾದ ಹಳ್ಳಿ ಸೈನಿಕರಲ್ಲಿ ಓದು ಬರಹ ಬಾರದವರೇ ಬಹಳ. ಅವನ ಹೆಂಡತಿಗೂ ಓದಲು ಬಾರದು. ಪಾದ್ರಿ ಬರೆದ ಕಾಗದವನ್ನು ಊರಿನ ಪಾದ್ರಿಯೋ ಮೇಷ್ಟ್ರೋ ಓದಿ ಹೇಳಬೇಕು. ಹಾಗೆ ನೋಡಿದರೆ ಗಂಡ ಸತ್ತ ಸುದ್ದಿ ಹೊರಟಿದ್ದು ಒಬ್ಬ ಪಾದ್ರಿಯ ಕೈಯಿಂದ, ಮುಟ್ಟಿದ್ದು ಎಷ್ಟೋ ಕಡೆ ಇನ್ನೊಬ್ಬ ಪಾದ್ರಿಯ ಬಾಯಿಂದ.

ಮಹಾಯುದ್ಧದಲ್ಲಿ ಒಟ್ಟು ಸುಮಾರು 5000 ಪಾದ್ರಿಗಳು ರಷ್ಯಾದ ಸೈನ್ಯದಲ್ಲಿ ಕೆಲಸ ಮಾಡಿದರು. ಯುದ್ಧಕ್ಕೆ ಮುಂಚೆ ಇದ್ದವರು ಏಳುನೂರು ಚಿಲ್ಲರೆ. ಉಳಿದವರೆಲ್ಲ ಊರಿನ ಚರ್ಚುಗಳಿಂದ, ಮಠಗಳಿಂದ ಬಂದವರು. ಅವರಲ್ಲಿ ಒಬ್ಬರ ಕಥೆ ಹೇಳಲೇಬೇಕು. 1914ರ ಅಕ್ಟೋಬರ್ 29, ಆಗಿನ ರಷ್ಯಾದ ಕ್ಯಾಲೆಂಡರ್ ಪ್ರಕಾರ 16. ಸಮುದ್ರದಲ್ಲಿ ಹುದುಗಿಸುವ ಸಿಡಿಗುಂಡುಗಳನ್ನು ಸಾಗಿಸುವ 'ಪ್ರೂತ್' ಎಂಬ ಹಳೆಯ ಹಡಗು ಸೆವಾಸ್ಟೊಪೋಲ್ ಹತ್ತಿರ 'ಗೋಬೆನ್' ಎಂಬ ದೊಡ್ಡ ಯುದ್ಧನೌಕೆಯ ಕಣ್ಣಿಗೆ ಬಿತ್ತು. ಎದುರಿಸಿ ನಿಲ್ಲುವ ಮಾತೇ ಇಲ್ಲ. ಶತ್ರುವಿನ ಕೈಗೆ ಸಿಗುವುದು ಬೇಡ ಅಂತ ಕ್ಯಾಪ್ಟನ್ ತನ್ನ ಹಡಗನ್ನು ತಾನೇ ಮುಳುಗಿಸಲು ಹೇಳಿದ. ದೋಣಿಗಳಲ್ಲಿ ಎಲ್ಲರಿಗೂ ಜಾಗ ಇರಲಿಲ್ಲ. ಹಡಗಿನ ಪಾದ್ರಿ ಅಂತೋನಿ ಸ್ಮಿರ್ನೊವ್ ಸನ್ಯಾಸಿ, ವಯಸ್ಸಾದವರು. ಹತ್ತಿ ಅಂತ ಕರೆದರು. ಇನ್ನೊಬ್ಬರ ಜಾಗ ನನಗೆ ಬೇಡ ಅಂತ ಅವರು ಹತ್ತಲಿಲ್ಲ. ಮುಳುಗುತ್ತಿದ್ದ ಹಡಗಿನ ಮೇಲೆ ನಿಂತು ದೋಣಿಯಲ್ಲಿದ್ದವರನ್ನು ಶಿಲುಬೆ ಎತ್ತಿ ಹರಸುತ್ತಿದ್ದುದನ್ನು ಬದುಕಿ ಬಂದವರು ಹೇಳಿದ್ದಾರೆ. ಸೇಂಟ್ ಜಾರ್ಜ್ ಪದಕ ಅವರಿಗೆ ಸತ್ತ ಮೇಲೆ ಬಂತು.

ಶಾವೆಲ್ಸ್ಕಿ ಮಾತ್ರ ಇಡೀ ಯುದ್ಧ ಸೇನಾ ಮುಖ್ಯ ಕಚೇರಿಯಲ್ಲೂ ಮುಂಚೂಣಿಯಲ್ಲೂ ಓಡಾಡುತ್ತ ಕಳೆದರು. 1916ರಲ್ಲಿ, ಅರಮನೆಯಲ್ಲಿ ಪ್ರಭಾವ ಬೆಳೆಸಿಕೊಂಡಿದ್ದ ರಾಸ್ಪುಟಿನ್ ಎಂಬ ಸಾಧುವಿನಿಂದ ಆಗುತ್ತಿರುವ ಕೇಡಿನ ಬಗ್ಗೆ ಚಕ್ರವರ್ತಿಗೆ ನೇರವಾಗಿ ಹೇಳಿದರು. ಅವನು ಕೇಳಿಸಿಕೊಂಡ, ಅಷ್ಟೇ.

ಆಮೇಲೆ 1917. ಚಕ್ರವರ್ತಿ ಹೋದ. ಯಾರ ಹೆಸರಿನಲ್ಲಿ ಪ್ರತಿಜ್ಞೆ ಮಾಡಿಸಿದ್ದರೋ ಅವನೇ ಇಲ್ಲ ಅಂದಮೇಲೆ ಮಾಡಿಸಿದ ಪಾದ್ರಿಯ ಮಾತಿಗೆ ಏನು ಬೆಲೆ? ಜನರಲ್ ಡೆನಿಕಿನ್ ಒಂದು ಪ್ರಸಂಗ ಬರೆದಿಟ್ಟಿದ್ದಾರೆ. ಮುಂಚೂಣಿಯಲ್ಲಿ ಒಂದು ರೆಜಿಮೆಂಟ್ ಪ್ರೀತಿಯಿಂದ ಕಟ್ಟಿಕೊಂಡಿದ್ದ ಚರ್ಚು ಇತ್ತು. ಕ್ರಾಂತಿಯ ಮೊದಲ ವಾರಗಳಲ್ಲಿ ಒಬ್ಬ ಕಿರಿಯ ಅಧಿಕಾರಿ ತನ್ನ ಸೈನಿಕರನ್ನು ಅದರೊಳಗೆ ಇಳಿಸಿದ. ಪೂಜಾಪೀಠ ಇರುವ ಗರ್ಭಗುಡಿಯಲ್ಲಿ ಅವರು ಕಕ್ಕಸಿಗೆ ಗುಂಡಿ ತೋಡಿದರು. ಅಂಥ ಒಬ್ಬ ಅಧಿಕಾರಿ ಇದ್ದನಲ್ಲ ಅನ್ನುವುದಕ್ಕಿಂತ, ಅಲ್ಲಿದ್ದ ಎರಡು ಮೂರು ಸಾವಿರ ಸೈನಿಕರು ಅದನ್ನು ನೋಡಿ ಸುಮ್ಮನಿದ್ದರಲ್ಲ ಅನ್ನುವುದು ಡೆನಿಕಿನ್‌ಗೆ ಅರ್ಥವಾಗಲಿಲ್ಲ. ಪಟ್ಟಿ ಇಟ್ಟು ಮಾಡಿಸಿದ ಭಕ್ತಿ ಪಟ್ಟಿ ಹರಿದ ದಿನ ಹೋಯಿತು ಅಂತ ನಾನು ಓದಿಕೊಳ್ಳುತ್ತೇನೆ. ಗಾಯಕ್ಕೆ ಬಟ್ಟೆ ಸುತ್ತಿದ ಪಾದ್ರಿಯ ಬಗ್ಗೆ ಸೈನಿಕನಿಗೆ ಗೌರವ ಇದ್ದಿರಬಹುದು. ಆದರೆ ಒಟ್ಟಾರೆ ಪಾದ್ರಿ ಅಂದರೆ ಅಧಿಕಾರಿಗಳ ಮೇಜಿನಲ್ಲಿ ಊಟ ಮಾಡುವವನು, ಕ್ಯಾಪ್ಟನ್‌ಗೆ ಸಮ.

1918ರ ಜನವರಿ 16ರಂದು, ಹಳೆಯ ಕ್ಯಾಲೆಂಡರ್ ಲೆಕ್ಕದಲ್ಲಿ, ಬೋಲ್ಶೆವಿಕ್, ಅಂದರೆ ಕಮ್ಯುನಿಸ್ಟರ, ಸರ್ಕಾರದ 39ನೇ ನಂಬರ್ ಆದೇಶ ಹೊರಟಿತು. ಸೈನ್ಯದ ಎಲ್ಲ ಧರ್ಮದ ಪಾದ್ರಿಗಳ ಹುದ್ದೆಯೂ ರದ್ದು. ಪೀಟರನ 1716ರಿಂದ ಲೆಕ್ಕ ಹಾಕಿದರೆ ಇನ್ನೂರ ಎರಡು ವರ್ಷ. ಶಾವೆಲ್ಸ್ಕಿ ದಕ್ಷಿಣಕ್ಕೆ ಹೋಗಿ, ಬೋಲ್ಶೆವಿಕರ ವಿರುದ್ಧ ಹೋರಾಡುತ್ತಿದ್ದ ಡೆನಿಕಿನ್ ಸೈನ್ಯ ಸೇರಿದರು. ಅದೂ ಸೋತಮೇಲೆ ಬಲ್ಗೇರಿಯಾಕ್ಕೆ ಹೋದರು, ಸೋಫಿಯಾ ವಿಶ್ವವಿದ್ಯಾಲಯದಲ್ಲಿ ಧರ್ಮಶಾಸ್ತ್ರ ಕಲಿಸಿದರು, 1951ರಲ್ಲಿ ಅಲ್ಲೇ ತೀರಿಕೊಂಡರು.

ಕೆಂಪು ಸೈನ್ಯದಲ್ಲಿ ಪಾದ್ರಿಯ ಜಾಗ ಖಾಲಿ ಉಳಿಯಿತಾ? ಎಲ್ಲಿ ಬಂತು! ಕಮಿಸಾರ್, ಅಂದರೆ ಪಕ್ಷ ನೇಮಿಸಿದ ರಾಜಕೀಯ ಅಧಿಕಾರಿ, ಬಂದ. ಸೈನಿಕನಿಗೆ ಅಕ್ಷರ ಕಲಿಸುವುದು, ಪೇಪರ್ ಓದಿ ಹೇಳುವುದು, ಮನಸ್ಸು ಗಟ್ಟಿ ಮಾಡುವುದು, ಜೊತೆಗೆ ಯಾರ ಮನಸ್ಸಿನಲ್ಲಿ ಏನಿದೆ ಅಂತ ನೋಡುತ್ತಿರುವುದು. ಹಳೆಯ ಪಟ್ಟಿಯೇ. ರಷ್ಯಾದ ಹಳ್ಳಿಮನೆಯಲ್ಲಿ ದೇವರ ಚಿತ್ರಗಳನ್ನು ಇಡುವ ಮೂಲೆಗೆ 'ಕ್ರಾಸ್ನಿ ಊಗೊಲ್' ಅನ್ನುತ್ತಾರೆ. ಕ್ರಾಸ್ನಿ ಅಂದರೆ ಹಿಂದೆ ಚೆಂದದ್ದು, ಈಗ ಕೆಂಪು. ನಮ್ಮ ದೇವರ ಮೂಲೆ ಇದ್ದ ಹಾಗೆ. ಸೋವಿಯತ್ ಬ್ಯಾರಕ್ಕುಗಳಲ್ಲಿ ಲೆನಿನ್ ಚಿತ್ರ, ಪೇಪರು, ಪುಸ್ತಕ ಇಟ್ಟ ಕೋಣೆಗೂ ಅದೇ ಹೆಸರು ಅಂಟಿಕೊಂಡಿತು, 'ಕೆಂಪು ಮೂಲೆ' ಅಂತ.

ಎರಡನೇ ಮಹಾಯುದ್ಧದಲ್ಲಿ ಸ್ಟಾಲಿನ್ ಚರ್ಚಿಗೆ ಸ್ವಲ್ಪ ಉಸಿರಾಡಲು ಬಿಟ್ಟ. ಭಕ್ತರು 80 ಲಕ್ಷ ರೂಬಲ್‌ಗೂ ಜಾಸ್ತಿ ಕೂಡಿಸಿದರು. ಆ ದುಡ್ಡಿನಲ್ಲಿ 40 ಟ್ಯಾಂಕುಗಳು ತಯಾರಾದವು. 1944ರ ಮಾರ್ಚ್ 8ರಂದು ತುಲಾ ಪ್ರಾಂತ್ಯದಲ್ಲಿ ಅವನ್ನು ಸೈನ್ಯಕ್ಕೆ ಒಪ್ಪಿಸಲು ಮೆಟ್ರೊಪಾಲಿಟನ್, ಅಂದರೆ ಹಿರಿಯ ಬಿಷಪ್, ನಿಕೊಲಾಯ್ ಬಂದಿದ್ದರು. ಒಪ್ಪಿಸಿ ವಾಪಸ್ ಹೋದರು. ಚರ್ಚಿನ ಟ್ಯಾಂಕು ಬೇಕು, ಚರ್ಚಿನ ಪಾದ್ರಿ ಬೇಡ. ಸೋವಿಯತ್ ಸೈನ್ಯದಲ್ಲಿ ಕೊನೆಯವರೆಗೂ ಪಾದ್ರಿ ಹುದ್ದೆ ಇರಲಿಲ್ಲ.

ಇದು ರಷ್ಯಾವೊಂದರ ಕಥೆಯಲ್ಲ. ರೊಮೇನಿಯಾದಲ್ಲಿ 1921ರಲ್ಲಿ ಸೈನ್ಯಕ್ಕೇ ಅಂತ ಆಲ್ಬಾ ಯೂಲಿಯಾ ಊರಿನಲ್ಲಿ ಬಿಷಪ್ ಪೀಠ ಮಾಡಿದ್ದರು, ಕಮ್ಯುನಿಸ್ಟರು ಅದನ್ನು 1948ರಲ್ಲಿ ಮುಚ್ಚಿದರು. ಮತ್ತೆ ಸೈನ್ಯಕ್ಕೆ ಪಾದ್ರಿಗಳು ಬಂದದ್ದು ಅಲ್ಲಿ ಆ ಆಡಳಿತ ಹೋದಮೇಲೆ. ಕ್ಯಾಥೊಲಿಕ್ ದೇಶವಾದ ಪೋಲೆಂಡಿನ ಸೈನ್ಯದಲ್ಲೂ ಆರ್ಥೊಡಾಕ್ಸ್ ಬಿಷಪ್ ಇರುತ್ತಾರೆ. 2010ರಲ್ಲಿ ಅಲ್ಲಿನ ಅಧ್ಯಕ್ಷರು ಸತ್ತ ಸ್ಮೊಲೆನ್ಸ್ಕ್ ವಿಮಾನ ದುರಂತದಲ್ಲಿ ಆಗಿನ ಬಿಷಪ್ ಮಿರೋನ್ ಕೂಡ ತೀರಿಕೊಂಡರು. ಉಕ್ರೇನಿನಲ್ಲಿ 2014ರಿಂದ ಪಾದ್ರಿಗಳು ಸ್ವಯಂಸೇವಕರಾಗಿ ಮುಂಚೂಣಿಗೆ ಹೋಗುತ್ತಿದ್ದರು. 2021ರ ನವೆಂಬರ್ 30ರಂದು ಅದಕ್ಕೆ ಕಾನೂನು ಆಯಿತು.

ರಷ್ಯಾದಲ್ಲಿ ಬಾಗಿಲು ತೆರೆದದ್ದು ನಿಧಾನಕ್ಕೆ. 1994ರ ಮಾರ್ಚ್‌ನಲ್ಲಿ ಪೇಟ್ರಿಯಾರ್ಕ್ ಎರಡನೇ ಅಲೆಕ್ಸಿ ಮತ್ತು ರಕ್ಷಣಾ ಮಂತ್ರಿ ಗ್ರಚೋವ್ ಒಂದು ಒಪ್ಪಂದಕ್ಕೆ ಸಹಿ ಹಾಕಿದರು. 2009ರ ಜುಲೈ 21ರಂದು ಅಧ್ಯಕ್ಷ ಮೆದ್ವೆದೆವ್ ಮತ್ತೆ ಹುದ್ದೆಗಳನ್ನು ಮಾಡಲು ಒಪ್ಪಿಕೊಂಡರು. 2020ರ ಜೂನ್‌ನಲ್ಲಿ ಮಾಸ್ಕೋ ಹೊರವಲಯದ ಕುಬಿಂಕಾದಲ್ಲಿ ಸೈನ್ಯದ ಮುಖ್ಯ ಚರ್ಚು ಎದ್ದು ನಿಂತಿತು. ಗಾಢ ಹಸಿರು, ಹತ್ತಿರ ಹತ್ತಿರ ಯೂನಿಫಾರ್ಮಿನ ಬಣ್ಣ. ಮುಖ್ಯ ಗುಮ್ಮಟದ ಬುಡದ ಅಡ್ಡಳತೆ 19.45 ಮೀಟರ್, ಎರಡನೇ ಮಹಾಯುದ್ಧ ಗೆದ್ದ ವರ್ಷ 1945 ಅಂತ. ಗಂಟೆ ಗೋಪುರ 75 ಮೀಟರ್, ಗೆದ್ದು 75 ವರ್ಷ ಅಂತ. ಚಿಕ್ಕ ಗುಮ್ಮಟ 14.18 ಮೀಟರ್, ಯುದ್ಧ ನಡೆದದ್ದು 1418 ದಿನ ಅಂತ. ಮೆಟ್ಟಿಲುಗಳಿಗೆ ಶತ್ರುವಿನಿಂದ ಕಿತ್ತುಕೊಂಡ ಆಯುಧಗಳ ಲೋಹ ಕರಗಿಸಿ ಹಾಕಿದ್ದಾರೆ. ಶಾವೆಲ್ಸ್ಕಿ ಹೇಳಿದ ಪಟ್ಟಿ ಕಟ್ಟುವ ಠಾಣೆಯಿಂದ ಇದು ಬಹಳ ದೂರ ಬಂದ ಹಾಗೆ ನನಗೆ ಕಾಣುತ್ತದೆ.

ಇನ್ನು ತೀರ್ಥದ ವಿಷಯ. ಸೈನಿಕನನ್ನು ಹರಸುವುದು ಬೇರೆ, ಆಯುಧವನ್ನು ಹರಸುವುದು ಬೇರೆ ಅನ್ನುವ ಮಾತು ರಷ್ಯಾದ ಚರ್ಚಿನೊಳಗೇ ಎದ್ದಿದೆ. 2020ರಲ್ಲಿ ಅವರದೇ ಒಂದು ಸಮಿತಿಯ ಕರಡು ಹೊರಗೆ ಬಂತು. ಲೆಕ್ಕವಿಲ್ಲದಷ್ಟು ಜನರನ್ನು ಕೊಲ್ಲುವ ಆಯುಧಗಳನ್ನು ಹರಸುವುದು ನಮ್ಮ ಪದ್ಧತಿಯಲ್ಲ, ಬಿಡೋಣ ಅಂತ ಅದರಲ್ಲಿತ್ತು. ಎರಡು ವರ್ಷಕ್ಕೆ ಉಕ್ರೇನ್ ಯುದ್ಧ. 2022ರ ಸೆಪ್ಟೆಂಬರ್ 25ರಂದು ಪೇಟ್ರಿಯಾರ್ಕ್ ಕಿರಿಲ್, ಸೈನಿಕ ತನ್ನ ಕರ್ತವ್ಯ ಮಾಡುತ್ತ ಸತ್ತರೆ ಆ ತ್ಯಾಗ ಅವನ ಪಾಪವನ್ನೆಲ್ಲ ತೊಳೆಯುತ್ತದೆ ಅಂತ ಪ್ರವಚನದಲ್ಲಿ ಹೇಳಿದರು. ಸಾವಿರ ವರ್ಷದ ಹಿಂದೆ ಚಕ್ರವರ್ತಿ ಇಂಥದ್ದೇ ಮಾತು ಹೇಳಿಸಲು ನೋಡಿದಾಗ ಪೊಲಿಯುಕ್ಟೊಸ್ ಕೊಟ್ಟ ಉತ್ತರ ನಿಮಗೆ ನೆನಪಿದೆ.

ಕೊನೆಯದು, ದರ್ಜೆ. ನಿಮ್ಮ ತಂದೆ ಹೇಳಿದ್ದು ಸರಿ. ನಮ್ಮ ಸೈನ್ಯದಲ್ಲಿ ಪಂಡಿತ್‌ಜಿ, ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಎಲ್ಲರೂ ಧರ್ಮಶಿಕ್ಷಕರಾಗಿ ನಾಯಬ್ ಸುಬೇದಾರ್ ದರ್ಜೆಯಲ್ಲೇ ಸೇರುತ್ತಾರೆ. ಅವರಿಗೆ 'ಸಾಬ್' ಅನ್ನಲೇಬೇಕು. ಇವತ್ತಿನ ರಷ್ಯಾದ ಪಾದ್ರಿಗೆ ದರ್ಜೆ ಇಲ್ಲ. ಕಾಗದದ ಮೇಲೆ ಅವರು 'ಧರ್ಮ ನಂಬುವ ಸೈನಿಕರ ಜೊತೆ ಕೆಲಸ ಮಾಡುವ, ಕಮಾಂಡರ್‌ನ ಸಹಾಯಕ'. ರಕ್ಷಣಾ ಇಲಾಖೆಯ ಸಿವಿಲಿಯನ್ ನೌಕರ. ಹೆಗಲ ಮೇಲೆ ನಕ್ಷತ್ರವಿಲ್ಲ, ಸೊಂಟದಲ್ಲಿ ಪಿಸ್ತೂಲಿಲ್ಲ. ಇಷ್ಟುದ್ದದ ಹುದ್ದೆಯ ಹೆಸರನ್ನು ಯಾವ ಸೈನಿಕನೂ ಬಾಯಲ್ಲಿ ಹೇಳುವುದಿಲ್ಲ. ಚಕ್ರವರ್ತಿಗಳ ಕಾಲದಲ್ಲೂ ಈಗಲೂ ಅವರನ್ನು ಕರೆಯುವುದು 'ಬಾತ್ಯುಷ್ಕಾ' ಅಂತಲೇ. ಕನ್ನಡದಲ್ಲಿ ಹೇಳುವುದಾದರೆ, ಅಪ್ಪಾಜಿ.